ಬೇಕನ್ ಚೀಸ್ ಡಿಪ್: ಎಣ್ಣೆ ಬಿಡದ ಹಾಗೆ, ಗಂಟು ಕಟ್ಟದ ಹಾಗೆ

ಫೆಬ್ರವರಿಯ ಎರಡನೇ ಭಾನುವಾರ ಅಮೆರಿಕದಲ್ಲಿ ಸೂಪರ್ ಬೌಲ್, ಅಂದರೆ ಅಲ್ಲಿನ ಫುಟ್‌ಬಾಲಿನ ಫೈನಲ್. ಆಟದ ನಿಯಮ ಗೊತ್ತಿಲ್ಲದವರೂ ಅವತ್ತು ಯಾರದ್ದಾದರೂ ಮನೆಯಲ್ಲಿ ಸೇರುತ್ತಾರೆ, ಒಬ್ಬೊಬ್ಬರು ಒಂದೊಂದು ತಿಂಡಿ ತರುತ್ತಾರೆ. ಆ ಟೇಬಲ್ ಮೇಲೆ ಬಿಸಿ ಬೇಕನ್ ಚೀಸ್ ಡಿಪ್, ಅಂದರೆ ಚಿಪ್ಸ್ ಅದ್ದಿ ತಿನ್ನುವ ಗಟ್ಟಿ ಚೀಸ್ ಮಿಶ್ರಣ, ಇದ್ದರೆ ಮೊದಲು ಖಾಲಿಯಾಗುವ ಪಾತ್ರೆ ಸಾಮಾನ್ಯವಾಗಿ ಅದೇ. ಅಲ್ಲಿರುವ ನಮ್ಮವರು ‘ಡಿಪ್ ನಾನು ತರ್ತೀನಿ’ ಎಂದು ಒಪ್ಪಿಕೊಂಡುಬಿಡುತ್ತಾರೆ. ಆಮೇಲೆ ನನ್ನ ಹತ್ತಿರ ಬರುವ ಪ್ರಶ್ನೆ ಪ್ರತಿ ವರ್ಷ ಒಂದೇ: ‘ಮೇಲೆಲ್ಲ ಎಣ್ಣೆ ತೇಲುತ್ತಿದೆ, ಒಳಗೆ ಚೀಸ್ ರಬ್ಬರ್ ಆಗಿದೆ, ಎಲ್ಲಿ ತಪ್ಪಿತು?’ ಕ್ರಿಸ್‌ಮಸ್, ಹೊಸ ವರ್ಷದ ಹೊತ್ತಿಗೆ ಬೆಂಗಳೂರಿನವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಪೂರ್ತಿಯಾಗಿ ಬರೆದಿದ್ದೇನೆ.

ತಪ್ಪುವುದು ಎಲ್ಲಿ ಎಂದರೆ, ನಮ್ಮ ಕೈಯ ಅಭ್ಯಾಸದಲ್ಲಿ. ನಮ್ಮ ಅಡುಗೆಯಲ್ಲಿ ಎಣ್ಣೆ ಬಿಟ್ಟರೆ ಆಯ್ತು ಎಂದರ್ಥ. ಗೊಜ್ಜು ಇರಲಿ, ಈರುಳ್ಳಿ ಟೊಮೆಟೊ ಮಸಾಲೆ ಇರಲಿ, ಅಂಚಿನಲ್ಲಿ ಎಣ್ಣೆ ಕಾಣುವವರೆಗೆ ಬಾಡಿಸು ಎಂದೇ ಅಮ್ಮ ಹೇಳಿಕೊಟ್ಟಿದ್ದು. ಈ ಡಿಪ್‌ನಲ್ಲಿ ಎಣ್ಣೆ ಬಿಟ್ಟರೆ ಕೆಟ್ಟಿತು ಎಂದರ್ಥ. ಚೀಸ್ ಅನ್ನುವುದು ಹಾಲಿನ ಪ್ರೋಟೀನ್ ಹೆಣೆದ ಒಂದು ಬಲೆ. ಅದರ ಕಣ್ಣುಗಳಲ್ಲಿ ಕೊಬ್ಬೂ ನೀರೂ ಸಿಕ್ಕಿಕೊಂಡಿರುತ್ತವೆ. ಹದವಾದ ಬಿಸಿಗೆ ಬಲೆ ಸಡಿಲವಾಗಿ ಚೀಸ್ ನಿಧಾನಕ್ಕೆ ಹರಿಯುತ್ತದೆ. ಬಿಸಿ ಜಾಸ್ತಿಯಾದರೆ ಬಲೆ ಮುದುಡಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಕೊಬ್ಬು ಹೊರಗೆ ಬರುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದು ಸರಿಹೋಗುವುದಿಲ್ಲ, ಇನ್ನೂ ಕೆಡುತ್ತದೆ. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಉಳಿದ ಹೆಜ್ಜೆಗಳೆಲ್ಲ ಯಾಕೆ ಹಾಗಿವೆ ಎಂದು ತಾನಾಗಿ ಅರ್ಥವಾಗುತ್ತದೆ.

ಏನೇನು ಬೇಕು

ಹತ್ತರಿಂದ ಹನ್ನೆರಡು ಜನಕ್ಕೆ, ಬೇರೆ ತಿಂಡಿಯೂ ಇದೆ ಅಂದುಕೊಂಡು ಈ ಅಳತೆ. ಕಪ್ ಅಂದರೆ ಅಮೆರಿಕದ ಅಳತೆಯ ಕಪ್, ಸುಮಾರು 240 ಮಿಲಿ.

ಬೇಕನ್ 340 ಗ್ರಾಂ (12 ಔನ್ಸಿನ ಒಂದು ಪ್ಯಾಕೆಟ್)
ಕ್ರೀಮ್ ಚೀಸ್ 450 ಗ್ರಾಂ (8 ಔನ್ಸಿನ ಎರಡು ಇಟ್ಟಿಗೆ)
ಸಾರ್ ಕ್ರೀಮ್ 1 ಕಪ್
ಮೇಯನೇಸ್ ಕಾಲು ಕಪ್
ಚೆಡ್ಡರ್ ಚೀಸ್ 170 ಗ್ರಾಂ
ಮಾಂಟೆರೆ ಜ್ಯಾಕ್ ಚೀಸ್ 115 ಗ್ರಾಂ
ಕಾರ್ನ್ ಫ್ಲೋರ್ 2 ಟೀ ಚಮಚ
ಈರುಳ್ಳಿ ಹೂವು, ಅಂದರೆ ಸ್ಪ್ರಿಂಗ್ ಆನಿಯನ್, 4 ಕಡ್ಡಿ
ಬೆಳ್ಳುಳ್ಳಿ 2 ಎಸಳು
ಹಲಪೇನ್ಯೊ ಮೆಣಸಿನಕಾಯಿ 1, ಇಲ್ಲದಿದ್ದರೆ ನಮ್ಮ ಹಸಿಮೆಣಸು 1
ಕರಿಮೆಣಸಿನ ಪುಡಿ ಅರ್ಧ ಟೀ ಚಮಚ
ಸ್ಮೋಕ್ಡ್ ಪ್ಯಾಪ್ರಿಕಾ, ಅಂದರೆ ಹೊಗೆ ಹಿಡಿಸಿದ ಕೆಂಪು ಮೆಣಸಿನಕಾಯಿ ಪುಡಿ, ಅರ್ಧ ಟೀ ಚಮಚ

ಉಪ್ಪು ಪಟ್ಟಿಯಲ್ಲಿ ಇಲ್ಲ. ಮರೆತಿದ್ದಲ್ಲ. ಬೇಕನ್ನಿನಲ್ಲಿ ಉಪ್ಪಿದೆ, ಎರಡೂ ಚೀಸಿನಲ್ಲಿ ಇದೆ, ಅದ್ದಿ ತಿನ್ನುವ ಚಿಪ್ಸಿನಲ್ಲೂ ಇದೆ. ಒಂದು ಚಿಟಿಕೆ ಸೇರಿಸಿದರೂ ಕೈಮೀರುತ್ತದೆ.

ಇನ್ನು ಈ ಹೆಸರುಗಳ ವಿಷಯ.

ಬೇಕನ್ ಅಂದರೆ ಉಪ್ಪು ಹಾಕಿ ಹದ ಮಾಡಿ, ಸಾಮಾನ್ಯವಾಗಿ ಹೊಗೆ ಹಿಡಿಸಿದ ಹಂದಿ ಮಾಂಸ. ಅಮೆರಿಕದಲ್ಲಿ ಸುಮ್ನೆ ಬೇಕನ್ ಎಂದರೆ ಹೊಟ್ಟೆಯ ಭಾಗ, ಕೊಬ್ಬು ಮಾಂಸ ಪಟ್ಟೆ ಪಟ್ಟೆಯಾಗಿ ಇರುತ್ತದೆ. ಭಾರತದ ಅಂಗಡಿಗಳಲ್ಲಿ ಇದನ್ನು ಸ್ಟ್ರೀಕಿ ಬೇಕನ್ ಎಂದು ಕೇಳಬೇಕು. ಬ್ಯಾಕ್ ಬೇಕನ್ ಬೆನ್ನಿನ ಭಾಗ, ಕೊಬ್ಬು ಕಡಿಮೆ, ಗರಿಗರಿ ಆಗುವುದಿಲ್ಲ, ಇದಕ್ಕೆ ಬೇಡ. ಹೊಗೆ ಹಿಡಿಸಿದ್ದಾರೆ ಎಂದ ಮಾತ್ರಕ್ಕೆ ಬೆಂದಿದೆ ಅಂದುಕೊಳ್ಳಬೇಡಿ. ಪ್ಯಾಕೆಟಿನ ಮೇಲೆ ‘ಪೂರ್ತಿ ಬೇಯಿಸಿದ್ದು’ ಎಂದು ಬರೆದಿಲ್ಲದಿದ್ದರೆ ಅದು ಹಸಿ ಮಾಂಸವೇ, ಬೇಯಿಸಲೇಬೇಕು. ‘ಅನ್‌ಕ್ಯೂರ್ಡ್’ ಎಂದು ಬರೆದಿರುವುದೂ ಅಷ್ಟೇ. ಅದರಲ್ಲಿ ಮಾಂಸ ಕೆಡದಿರಲಿ ಎಂದು ಬಳಸುವ ನೈಟ್ರೈಟ್ ಎಂಬ ಲವಣವನ್ನು ನೇರವಾಗಿ ಹಾಕುವ ಬದಲು ಹೆಚ್ಚಾಗಿ ಸೆಲರಿ ಪುಡಿ ಬಳಸಿರುತ್ತಾರೆ, ಉಪ್ಪಂತೂ ಇದ್ದೇ ಇರುತ್ತದೆ. ಮೇಪಲ್ ಸಿಹಿ ಬಳಿದ ಬೇಕನ್ ಮಾತ್ರ ಬೇಡವೇ ಬೇಡ. ಸಕ್ಕರೆ ಬೇಗ ಸೀಯುತ್ತದೆ, ಡಿಪ್ಪಿಗೂ ಸಿಹಿ ಹತ್ತುತ್ತದೆ.

ಕ್ರೀಮ್ ಚೀಸ್ ಇಟ್ಟಿಗೆ ಆಕಾರದ್ದೇ ಆಗಬೇಕು. ಬ್ರೆಡ್ಡಿಗೆ ಹಚ್ಚಲೆಂದು ಡಬ್ಬಿಯಲ್ಲಿ ಬರುವುದು ಬೇರೆ. ಕೆಲವದರಲ್ಲಿ ಗಾಳಿ ಕಡೆದು ತುಂಬಿರುತ್ತಾರೆ, ಕೆಲವದರಲ್ಲಿ ನೀರು ಜಾಸ್ತಿ. ಕಡಿಮೆ ಕೊಬ್ಬಿನದೂ ಹಾಗೇ. ಅಮೆರಿಕದ ನಿಯಮದ ಪ್ರಕಾರ ಕ್ರೀಮ್ ಚೀಸ್ ಎಂದು ಕರೆಯಬೇಕಾದರೆ ಕನಿಷ್ಠ 33 ಪ್ರತಿಶತ ಹಾಲಿನ ಕೊಬ್ಬು ಇರಬೇಕು. ಡಿಪ್ ಹಿಡಿದುಕೊಂಡು ನಿಲ್ಲುವುದೇ ಆ ಕೊಬ್ಬಿನಿಂದ. ಅಲ್ಲಿ ಉಳಿಸಲು ಹೋದರೆ ನೀರು ಬಿಟ್ಟುಕೊಂಡ ಪಾತ್ರೆ ಸಿಗುತ್ತದೆ.

ಸಾರ್ ಕ್ರೀಮ್ ಅಂದರೆ ಹೆಪ್ಪು ಹಾಕಿದ ಕೆನೆ. ನಮ್ಮ ಗಟ್ಟಿ ಕೆನೆ ಮೊಸರಿನ ಹತ್ತಿರದ ಸಂಬಂಧಿ.

ಚೆಡ್ಡರ್ ಪ್ಯಾಕೆಟಿನ ಮೇಲೆ ಮೈಲ್ಡ್, ಮೀಡಿಯಂ, ಶಾರ್ಪ್, ಎಕ್ಸ್‌ಟ್ರಾ ಶಾರ್ಪ್ ಎಂದೆಲ್ಲ ಇರುತ್ತದೆ. ಶಾರ್ಪ್ ಅಂದರೆ ಖಾರ ಅಲ್ಲ, ಜಾಸ್ತಿ ದಿನ ಹಳೆಯದಾಗಲು ಬಿಟ್ಟದ್ದು, ರುಚಿ ಚುರುಕು ಎಂದಷ್ಟೇ ಅರ್ಥ. ಶಾರ್ಪ್ ಸಾಕು. ಎಕ್ಸ್‌ಟ್ರಾ ಶಾರ್ಪ್ ತಿನ್ನಲು ಚೆನ್ನ, ಆದರೆ ಚೀಸ್ ಹಳೆಯದಾದಷ್ಟೂ ಆ ಪ್ರೋಟೀನ್ ಬಲೆ ಸವೆದಿರುತ್ತದೆ, ಬಿಸಿ ತಾಗಿದರೆ ಬೇಗ ಎಣ್ಣೆ ಬಿಡುತ್ತದೆ. ಕಿತ್ತಳೆ ಬಣ್ಣದ್ದೋ ಬಿಳಿಯದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಆ ಬಣ್ಣ ಅನಾಟೊ ಬೀಜದ್ದು, ರುಚಿಗೆ ಹೆಚ್ಚುಕಡಿಮೆ ಸಂಬಂಧವಿಲ್ಲ. ಮಾಂಟೆರೆ ಜ್ಯಾಕ್ ಕ್ಯಾಲಿಫೋರ್ನಿಯಾದ ಮೃದು ಚೀಸ್. ರುಚಿ ಸೌಮ್ಯ, ಕರಗುವುದು ತುಂಬ ನಯ. ಅದಕ್ಕೇ ಎರಡನ್ನೂ ಹಾಕುವುದು: ಒಂದು ರುಚಿಗೆ, ಇನ್ನೊಂದು ನಯಕ್ಕೆ.

ತುರಿದು ಮಾರುವ ಚೀಸ್ ಕೊಳ್ಳಬೇಡಿ. ಎಳೆಗಳು ಒಂದಕ್ಕೊಂದು ಅಂಟದಿರಲಿ ಎಂದು ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಲೇಪಿಸಿರುತ್ತಾರೆ. ಕರಗಿದ ಮೇಲೆ ನಾಲಿಗೆಗೆ ಸಣ್ಣಗೆ ಮರಳು ಮರಳಾಗಿ ಸಿಗುವುದು ಅದರಿಂದಲೇ. ಕಾಯಿ ತುರಿಯುವವರಿಗೆ ಒಂದು ತುಂಡು ಚೀಸ್ ತುರಿಯುವುದು ಐದು ನಿಮಿಷದ ಕೆಲಸ, ಅಲ್ವಾ?

1. ಮೊದಲು ಫ್ರಿಜ್ಜಿನಿಂದ ಹೊರಗೆ

ಕ್ರೀಮ್ ಚೀಸ್ ಅನ್ನು ಒಂದು ಗಂಟೆ ಮುಂಚೆ ಹೊರಗಿಡಿ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಬೇಕು. ಒತ್ತಿದ ಬೆರಳಿಗೆ ತಣ್ಣಗೆ ತಾಗಿದರೆ ಇನ್ನೂ ಹೊತ್ತಿದೆ ಎಂದರ್ಥ. ತಣ್ಣಗಿರುವುದನ್ನು ಕಲಸಲು ಹೋದರೆ ಸಣ್ಣ ಸಣ್ಣ ಗಂಟು ಉಳಿಯುತ್ತದೆ, ಆ ಗಂಟು ಓವನ್ನಿನಲ್ಲೂ ಕರಗುವುದಿಲ್ಲ. ಕೊನೆಗೆ ರವೆ ಗಂಟಿನ ಉಪ್ಪಿಟ್ಟಿನ ಹಾಗೆ ಕಾಣುತ್ತದೆ.

ಹೊತ್ತಿಲ್ಲದಿದ್ದರೆ ಇಟ್ಟಿಗೆಯನ್ನು ಎಂಟು ತುಂಡು ಮಾಡಿ ತಟ್ಟೆಯಲ್ಲಿ ಹರಡಿ, ಇಪ್ಪತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಮೈಕ್ರೋವೇವಿಗೆ ಹಾಕುವುದಾದರೆ ಒಮ್ಮೆಗೆ ಹದಿನೈದು ಸೆಕೆಂಡು ಮಾತ್ರ. ಅಂಚು ಕರಗಿ ನಡು ಗಟ್ಟಿ ಉಳಿಯುವುದು ಮೈಕ್ರೋವೇವಿನ ಮಾಮೂಲಿ ತೊಂದರೆ.

ಚೆಡ್ಡರ್, ಜ್ಯಾಕ್ ಎರಡನ್ನು ಮಾತ್ರ ತಣ್ಣಗಿರುವಾಗಲೇ ತುರಿಯಿರಿ, ಇಲ್ಲದಿದ್ದರೆ ತುರಿಮಣೆಗೆ ಮೆತ್ತಿಕೊಳ್ಳುತ್ತದೆ. ತುರಿದದ್ದರಲ್ಲಿ ಒಂದು ಹಿಡಿ ಮೇಲೆ ಉದುರಿಸಲು ಎತ್ತಿಡಿ. ಉಳಿದದ್ದಕ್ಕೆ ಕಾರ್ನ್ ಫ್ಲೋರ್ ಉದುರಿಸಿ ಕೈಯಲ್ಲಿ ಹಗುರವಾಗಿ ಬೆರೆಸಿ. ಇದೇನು, ಅಂಗಡಿಯವರೂ ಪಿಷ್ಟ ಹಾಕುತ್ತಾರಲ್ಲ ಅನ್ನಬಹುದು. ವ್ಯತ್ಯಾಸ ಇದೆ: ಇದು ಅಳತೆ ನಮ್ಮ ಕೈಯಲ್ಲಿರುವ ಎರಡೇ ಚಮಚ, ಮತ್ತು ಸಾರ್ ಕ್ರೀಮಿನ ನೀರನ್ನು ಹಿಡಿದುಕೊಂಡು ಇಡೀ ಮಿಶ್ರಣ ಒಡೆಯದಂತೆ ನೋಡಿಕೊಳ್ಳುತ್ತದೆ.

2. ಬೇಕನ್ ಹುರಿಯುವುದು

ಇಡೀ ಡಿಪ್ಪಿನ ರುಚಿ ಇಲ್ಲೇ ನಿಂತಿದೆ, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಬೇಕನ್ನನ್ನು ಬೆರಳಗಲದ ತುಂಡುಗಳಾಗಿ ಕತ್ತರಿಸಿ. ಕತ್ತರಿಯಲ್ಲಿ ಕತ್ತರಿಸುವುದು ಸುಲಭ. ಹತ್ತು ನಿಮಿಷ ಫ್ರೀಜರಿನಲ್ಲಿ ಇಟ್ಟು ತೆಗೆದರೆ ಇನ್ನೂ ಸುಲಭ. ತಣ್ಣನೆಯ ಬಾಣಲೆಗೆ ಹಾಕಿ, ಆಮೇಲೆ ಒಲೆ ಹಚ್ಚಿ. ಎಣ್ಣೆ ಬೇಡ. ಕಾದ ಬಾಣಲೆಗೆ ಹಾಕಿದರೆ ಮೇಲ್ಮೈ ತಕ್ಷಣ ಕೆಂಪಾಗಿ ಒಳಗಿನ ಕೊಬ್ಬು ಕರಗದೆ ಉಳಿಯುತ್ತದೆ, ಜಗಿದರೆ ರಬ್ಬರಿನ ಹಾಗೆ. ತಣ್ಣನೆಯದರಿಂದ ಶುರು ಮಾಡಿದರೆ ಕೊಬ್ಬು ಮೊದಲು ಕರಗಿ ಹೊರಗೆ ಬರುತ್ತದೆ, ಆಮೇಲೆ ಮಾಂಸ ತನ್ನದೇ ಕೊಬ್ಬಿನಲ್ಲಿ ಹುರಿಯುತ್ತದೆ. ಕೊಡಗಿನವರಿಗೆ, ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ, ಹಂದಿ ಮಾಂಸ ತನ್ನ ಕೊಬ್ಬಿನಲ್ಲೇ ಬೇಯುವುದನ್ನು ಅವರು ಚಿಕ್ಕಂದಿನಿಂದ ನೋಡಿರುತ್ತಾರೆ.

ಮಧ್ಯಮ ಉರಿ, ಹನ್ನೆರಡರಿಂದ ಹದಿನೈದು ನಿಮಿಷ. ಗಡಿಯಾರಕ್ಕಿಂತ ಸದ್ದು ಕೇಳಿ. ಮೊದಲು ಚಟಪಟ ಎಂದು ಜೋರು ಸದ್ದು, ಅದು ಒಳಗಿನ ನೀರು ಆರುವ ಸದ್ದು. ಆಮೇಲೆ ಸದ್ದು ತಗ್ಗುತ್ತದೆ, ದೊಡ್ಡ ಗುಳ್ಳೆಗಳು ಹೋಗಿ ಬಿಳಿ ಸಣ್ಣ ನೊರೆ ಬಾಣಲೆ ತುಂಬ ಏಳುತ್ತದೆ. ನೊರೆ ಕಂಡಾಗ ಬಾಣಲೆ ಬಿಟ್ಟು ಕದಲಬೇಡಿ. ಇಲ್ಲಿಂದ ಸೀಯುವುದಕ್ಕೆ ಒಂದೆರಡು ನಿಮಿಷ ಸಾಕು. ತುಂಡುಗಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ ಕೂಡಲೇ ಜಾಲರಿ ಸೌಟಿನಲ್ಲಿ ತೆಗೆದು ಪೇಪರ್ ಟವೆಲ್ ಮೇಲೆ ಹರಡಿ. ತಣ್ಣಗಾಗುತ್ತ ಇನ್ನಷ್ಟು ಗರಿಯಾಗುತ್ತದೆ. ಬಾಣಲೆಯಲ್ಲೇ ಪೂರ್ತಿ ಗರಿ ಮಾಡಲು ಹೋಗಬೇಡಿ, ಕಹಿಯಾಗುತ್ತದೆ.

ಎರಡು ಪ್ಯಾಕೆಟ್ ಮಾಡಬೇಕಿದ್ದರೆ ಓವನ್ ಒಳ್ಳೆಯದು: 400 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್. ಅಂಚು ಎತ್ತರದ ತಟ್ಟೆಯಲ್ಲಿ ಪಟ್ಟಿಗಳನ್ನು ಹಾಗೇ ಜೋಡಿಸಿ, ಹದಿನೈದರಿಂದ ಇಪ್ಪತ್ತು ನಿಮಿಷ. ಅಂಚಿಲ್ಲದ ತಟ್ಟೆ ಬೇಡ, ಕರಗಿದ ಕೊಬ್ಬು ಓವನ್ನಿನೊಳಗೆ ಸುರಿದರೆ ಬೆಂಕಿ ಹತ್ತಬಹುದು.

340 ಗ್ರಾಂ ಬೇಕನ್ ಬೆಂದ ಮೇಲೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಷ್ಟೇನಾ ಎಂದು ಗಾಬರಿಯಾಗಬೇಡಿ, ಇಷ್ಟೇ ಬೇಕಾಗಿದ್ದು.

ಬಾಣಲೆಯಲ್ಲಿ ಉಳಿದ ಕೊಬ್ಬಿನ ಬಗ್ಗೆ ಎರಡು ಮಾತು. ಒಂದು, ಅದನ್ನು ಡಿಪ್ಪಿಗೆ ಸುರಿಯಬೇಡಿ. ‘ರುಚಿ ಎಲ್ಲ ಅದರಲ್ಲೇ ಇದೆಯಲ್ಲ’ ಎಂದು ಸುರಿದವರೇ ಆಮೇಲೆ ಎಣ್ಣೆ ತೇಲುತ್ತಿದೆ ಎಂದು ಕೇಳುವುದು. ಒಂದು ಟೀ ಚಮಚದಷ್ಟು ಬಾಣಲೆಯಲ್ಲೇ ಬಿಟ್ಟು, ಜಜ್ಜಿದ ಬೆಳ್ಳುಳ್ಳಿ ಮತ್ತು ಸಣ್ಣಗೆ ಹೆಚ್ಚಿದ ಮೆಣಸಿನಕಾಯಿ ಹಾಕಿ ಅರ್ಧ ನಿಮಿಷ ಬಾಡಿಸಿ, ಅಷ್ಟು ಸಾಕು. ಎರಡು, ಉಳಿದದ್ದನ್ನು ಸಿಂಕಿಗೆ ಚೆಲ್ಲಬೇಡಿ. ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಸ್ವಲ್ಪ ಆರಿದ ಮೇಲೆ ಸೋಸಿ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಬೆಳಿಗ್ಗೆ ಮೊಟ್ಟೆ ಹುರಿಯಲು ಅದಕ್ಕಿಂತ ಒಳ್ಳೆಯದು ಇಲ್ಲ.

3. ಕಲಸುವುದು

ದೊಡ್ಡ ಬಟ್ಟಲಿನಲ್ಲಿ ಮೊದಲು ಕ್ರೀಮ್ ಚೀಸ್ ಒಂದನ್ನೇ ಹಾಕಿ ಮರದ ಸೌಟಿನಲ್ಲಿ ನಾದಿ. ಬೇರೇನೂ ಹಾಕುವ ಮುಂಚೆ ಅದು ಪೂರ್ತಿ ನುಣ್ಣಗಾಗಬೇಕು. ಸಾರ್ ಕ್ರೀಮನ್ನು ಮೊದಲೇ ಸುರಿದರೆ ಗಂಟುಗಳು ಅದರಲ್ಲಿ ಜಾರಿಕೊಂಡು ಓಡಾಡುತ್ತವೆಯೇ ಹೊರತು ಒಡೆಯುವುದಿಲ್ಲ. ಚಪಾತಿ ಹಿಟ್ಟಿಗೆ ಒಮ್ಮೆಲೇ ನೀರು ಸುರಿದರೆ ಏನಾಗುತ್ತದೋ ಅದೇ.

ನುಣ್ಣಗಾದ ಮೇಲೆ ಸಾರ್ ಕ್ರೀಮನ್ನು ಎರಡು ಸಲಕ್ಕೆ ಸೇರಿಸಿ. ಮೇಯನೇಸ್ ಹಾಕಿ. ಮೇಯನೇಸ್ ಯಾಕೆ ಎಂದು ತುಂಬ ಜನ ಕೇಳುತ್ತಾರೆ. ಮೊಟ್ಟೆಯ ಹಳದಿಯಲ್ಲಿ ಲೆಸಿಥಿನ್ ಎಂಬ ಪದಾರ್ಥ ಇದೆ, ಅದು ಎಣ್ಣೆಯನ್ನೂ ನೀರನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಕಾಲು ಕಪ್ ಹಾಕಿದರೆ ರುಚಿಯಲ್ಲಿ ಗೊತ್ತೂ ಆಗುವುದಿಲ್ಲ, ಆದರೆ ಓವನ್ನಿನಲ್ಲಿ ಡಿಪ್ ಒಡೆಯುವುದನ್ನು ತಡೆಯಲು ನೆರವಾಗುತ್ತದೆ.

ಆಮೇಲೆ ಬೆಳ್ಳುಳ್ಳಿ, ಮೆಣಸಿನಕಾಯಿ, ಕರಿಮೆಣಸು, ಪ್ಯಾಪ್ರಿಕಾ, ತುರಿದ ಚೀಸ್. ಬೆಳ್ಳುಳ್ಳಿ ಬಿಸಿಯಿದ್ದರೆ ಆರಲು ಬಿಡಿ. ಕೊನೆಗೆ ಬೇಕನ್ ಮುಕ್ಕಾಲು ಪಾಲು, ಈರುಳ್ಳಿ ಹೂವಿನ ಬಿಳಿ ಭಾಗ ಪೂರ್ತಿ. ಹಸಿರು ಭಾಗ ಮತ್ತು ಉಳಿದ ಕಾಲು ಪಾಲು ಬೇಕನ್ ಈಗ ಬೇಡ.

ಇಲ್ಲಿಂದ ಮುಂದೆ ಹಗುರ ಕೈ. ಮಿಕ್ಸಿಗೆ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ, ಬೇಕನ್ ನುರಿದು ಇಡೀ ಡಿಪ್ ಬೂದು ಬಣ್ಣಕ್ಕೆ ತಿರುಗುತ್ತದೆ.

ಒಂದು ಚಿಪ್ಸಿನಲ್ಲಿ ಅದ್ದಿ ರುಚಿ ನೋಡಿ. ಚಮಚದಲ್ಲಿ ನೋಡಬೇಡಿ. ತಿನ್ನುವವರು ಚಿಪ್ಸಿನ ಜೊತೆಗೇ ತಿನ್ನುವುದು, ಆ ಉಪ್ಪೂ ಲೆಕ್ಕಕ್ಕೆ ಬರಬೇಕು.

4. ಓವನ್ನಿಗೆ

ಓವನ್ 350 ಡಿಗ್ರಿ ಫ್ಯಾರನ್‌ಹೀಟ್, ಸುಮಾರು 175 ಡಿಗ್ರಿ ಸೆಲ್ಸಿಯಸ್. ಮೊದಲೇ ಕಾಯಿಸಿಟ್ಟಿರಬೇಕು. ಎಂಟು ಒಂಬತ್ತು ಇಂಚು ಅಗಲದ ಓವನ್ ಪಾತ್ರೆಯಲ್ಲಿ ಮಿಶ್ರಣ ಹರಡಿ, ಮೇಲೆ ಎತ್ತಿಟ್ಟ ಒಂದು ಹಿಡಿ ಚೀಸ್ ಉದುರಿಸಿ. ಪಾತ್ರೆ ತೀರಾ ಆಳ ಇದ್ದರೆ ನಡು ಬಿಸಿಯಾಗುವಷ್ಟರಲ್ಲಿ ಅಂಚು ಎಣ್ಣೆ ಬಿಟ್ಟಿರುತ್ತದೆ. ಎರಡು ಬೆರಳಿನಷ್ಟು ದಪ್ಪ ಸರಿ.

ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಹದಿನೆಂಟನೇ ನಿಮಿಷದಿಂದ ನೋಡುತ್ತಿರಿ. ಅಂಚಿನಲ್ಲಿ ಸುತ್ತಲೂ ಸಣ್ಣ ಗುಳ್ಳೆ ಬರಬೇಕು, ನಡುವೆ ಬರಬಾರದು. ನಡುವಿಗೆ ಚಾಕು ಇಳಿಸಿ ಐದು ಸೆಕೆಂಡು ಬಿಟ್ಟು ತೆಗೆದರೆ ತುದಿ ಬಿಸಿಯಾಗಿರಬೇಕು. ಅಷ್ಟೇ. ತೆಗೆಯಿರಿ. ನಡುವೂ ಕೊತಕೊತ ಕುದಿಯಲಿ, ಮೇಲೆ ಕಂದು ಬಣ್ಣ ಬರಲಿ ಎಂದು ಇನ್ನೂ ಹತ್ತು ನಿಮಿಷ ಬಿಡಬೇಕು ಅನ್ನಿಸುತ್ತದೆ, ನನಗೆ ಗೊತ್ತು. ಡಿಪ್ ಕೆಡುವುದು ಆ ಹತ್ತು ನಿಮಿಷದಲ್ಲಿ. ಬೇಕನ್ ಆಗಲೇ ಬೆಂದಿದೆ, ಉಳಿದದ್ದರಲ್ಲಿ ಬೇಯುವಂಥದ್ದು ಏನೂ ಇಲ್ಲ. ಓವನ್ನಿನ ಕೆಲಸ ಬಿಸಿ ಮಾಡುವುದು ಮಾತ್ರ. ಬಣ್ಣ ಬೇಕೇ ಬೇಕು ಎಂದರೆ ಕೊನೆಯ ಒಂದು ನಿಮಿಷ ಮೇಲಿನ ಉರಿ ಹಾಕಿ, ಎದುರೇ ನಿಂತಿರಿ.

ಒಂದು ಎಚ್ಚರಿಕೆ, ಇದು ರುಚಿಯ ವಿಷಯ ಅಲ್ಲ. ಫ್ರಿಜ್ಜಿನಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರವಾಗಿ ಕಾದ ಓವನ್ನಿಗೆ ಇಡಬೇಡಿ. ಬಿಸಿ ಗಾಜನ್ನು ಒದ್ದೆ ಕಲ್ಲಿನ ಕಟ್ಟೆಯ ಮೇಲೂ ಇಡಬೇಡಿ. ಓವನ್ ಗಾಜು ಎಂದು ಬರೆದಿದ್ದರೂ ಇದ್ದಕ್ಕಿದ್ದ ಹಾಗೆ ಬಿಸಿ ಬದಲಾದರೆ ಸಿಡಿಯಬಹುದು. ಪಿಂಗಾಣಿ ಅಥವಾ ಎರಕದ ಕಬ್ಬಿಣದ ಪಾತ್ರೆ ಇದ್ದರೆ ಇನ್ನೂ ಒಳ್ಳೆಯದು, ಬಿಸಿ ಜಾಸ್ತಿ ಹೊತ್ತು ಹಿಡಿದಿಡುತ್ತದೆ.

ಹೊರಗೆ ತೆಗೆದು ಐದರಿಂದ ಹತ್ತು ನಿಮಿಷ ಸುಮ್ನೆ ಬಿಡಿ. ತೆಗೆದ ತಕ್ಷಣ ನೀರು ನೀರಾಗಿ ಕಾಣುತ್ತದೆ, ಆರುತ್ತ ಹದಕ್ಕೆ ಬರುತ್ತದೆ. ಆಗ ಉಳಿದ ಬೇಕನ್, ಈರುಳ್ಳಿ ಹೂವಿನ ಹಸಿರು ಉದುರಿಸಿ. ಗರಿ ಉಳಿಯಬೇಕಾದರೆ ಬೇಕನ್ ಕೊನೆಗೇ ಬೀಳಬೇಕು.

ಒಡೆದರೆ ಏನು ಮಾಡುವುದು

ಮೊದಲು ಓವನ್ನಿನಿಂದ ಹೊರಗೆ ತೆಗೆಯಿರಿ. ಮೇಲಿನ ಎಣ್ಣೆಯನ್ನು ಚಮಚದಲ್ಲಿ ಬಳಿದು ತೆಗೆಯಿರಿ, ಉಳಿದದ್ದಕ್ಕೆ ಪೇಪರ್ ಟವೆಲ್ ತಾಗಿಸಿ. ಎರಡು ಚಮಚ ಬೆಚ್ಚಗಿನ ಹಾಲು ಹಾಕಿ ಅಂಚಿನಿಂದ ನಡುವಿಗೆ ನಿಧಾನಕ್ಕೆ ತಿರುವಿ. ಹೆಚ್ಚಿನ ಸಲ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಒಂದೆರಡು ಸ್ಲೈಸ್ ಪ್ರೋಸೆಸ್ಡ್ ಚೀಸ್, ಅದೇ ಸ್ಯಾಂಡ್‌ವಿಚ್ಚಿಗೆ ಹಾಕುವ ಹಾಳೆ ಚೀಸ್, ಹರಿದು ಹಾಕಿ ತಿರುವಿ. ಅದರಲ್ಲಿ ಎಮಲ್ಸಿಫೈಯಿಂಗ್ ಸಾಲ್ಟ್ ಅನ್ನುವ ಲವಣಗಳು ಇರುತ್ತವೆ, ಅವು ಕೊಬ್ಬನ್ನೂ ನೀರನ್ನೂ ಬೇರೆಯಾಗಲು ಬಿಡುವುದಿಲ್ಲ. ಪ್ರೋಸೆಸ್ಡ್ ಚೀಸ್ ಯಾವಾಗಲೂ ನಯವಾಗಿ ಕರಗುವುದು ಇದೇ ಕಾರಣಕ್ಕೆ.

ಉಪ್ಪಾಗಿಬಿಟ್ಟರೆ ಆಲೂಗಡ್ಡೆ ಹಾಕುವ ನಮ್ಮ ಉಪಾಯ ಇಲ್ಲಿ ನಡೆಯುವುದಿಲ್ಲ. ಇನ್ನರ್ಧ ಕಪ್ ಸಾರ್ ಕ್ರೀಮ್ ಬೆರೆಸಿ, ಉಪ್ಪಿಲ್ಲದ ತರಕಾರಿ ತುಂಡುಗಳ ಜೊತೆ ಕೊಡಿ.

ಬೆಂಗಳೂರಿನಲ್ಲಿ ಮಾಡುವವರಿಗೆ

ಸಾರ್ ಕ್ರೀಮ್ ಸಿಗದಿದ್ದರೆ ಹುಳಿಯಾಗದ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲೇ ಮೂರು ನಾಲ್ಕು ಗಂಟೆ ನೀರು ಬಸಿಯಿರಿ. ಆ ಮೊಸರು ಅರ್ಧ ಕಪ್, ಪ್ಯಾಕೆಟಿನ ಫ್ರೆಶ್ ಕ್ರೀಮ್ ಅರ್ಧ ಕಪ್ ಸೇರಿಸಿ. ಮೊಸರು ಒಂದನ್ನೇ ಹಾಕಿದರೆ ಬಿಸಿಗೆ ಒಡೆಯುತ್ತದೆ. ಮಜ್ಜಿಗೆ ಹುಳಿಗೆ ಕಡಲೆಬೇಳೆ ರುಬ್ಬಿ ಹಾಕಿ ಒಡೆಯದ ಹಾಗೆ ನೋಡಿಕೊಳ್ಳುತ್ತೇವಲ್ಲ, ಇಲ್ಲಿ ಆ ಕೆಲಸ ಕಾರ್ನ್ ಫ್ಲೋರಿನದು. ಮೊಸರು ಬಳಸುವಾಗ ಅದನ್ನು ಇನ್ನರ್ಧ ಚಮಚ ಜಾಸ್ತಿ ಮಾಡಿ.

ಜ್ಯಾಕ್ ಚೀಸ್ ಹುಡುಕಿಕೊಂಡು ಅಲೆಯಬೇಡಿ. ಅದರ ಬದಲು ಪ್ರೋಸೆಸ್ಡ್ ಚೀಸ್ ಕ್ಯೂಬ್ ಅಷ್ಟೇ ತೂಕ ಹಾಕಿ. ಮೊಟ್ಸರೆಲ್ಲಾ ಮಾತ್ರ ಬೇಡ, ಅದು ದಾರ ದಾರವಾಗಿ ಎಳೆಯುತ್ತದೆ. ಪಿಜ್ಜಾಕ್ಕೆ ಅದು ಸರಿ, ಡಿಪ್ಪಿನಲ್ಲಿ ಒಬ್ಬರು ಚಿಪ್ಸ್ ಎತ್ತಿದರೆ ಅರ್ಧ ಪಾತ್ರೆ ಜೊತೆಗೆ ಏಳುತ್ತದೆ.

ಫ್ರೋಜನ್ ಬೇಕನ್ನನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ. ಗಡ್ಡೆ ಕಟ್ಟಿದ್ದನ್ನೇ ಬಾಣಲೆಗೆ ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಚಿಕನ್ ಅಥವಾ ಟರ್ಕಿ ಬೇಕನ್ ಬಳಸುವುದಾದರೆ ಒಂದು ಚಮಚ ಎಣ್ಣೆ ಬೇಕು, ಅದರಲ್ಲಿ ಕೊಬ್ಬು ಕಡಿಮೆ. ಹೊಗೆಯ ರುಚಿ ಸಿಗುತ್ತದೆ, ಗರಿ ಅಷ್ಟು ಸಿಗುವುದಿಲ್ಲ.

ಓಟಿಜಿಯಲ್ಲಿ, ಅಂದರೆ ಮನೆಯ ಚಿಕ್ಕ ಕರೆಂಟ್ ಓವನ್ನಿನಲ್ಲಿ, ಕೆಳಗಿನ ಕಾಯಿಲ್ ಮಾತ್ರ ಹಾಕಿ, ಪಾತ್ರೆ ನಡುವಿನ ಹಂತದಲ್ಲಿರಲಿ. ಓವನ್ನೇ ಇಲ್ಲ ಎನ್ನುವವರು ದೋಸೆ ಹೆಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಅದರ ಮೇಲೆ ದಪ್ಪ ತಳದ ಪಾತ್ರೆ ಇಟ್ಟು ಮುಚ್ಚಿ. ಬಿರಿಯಾನಿಗೆ ದಮ್ ಕೊಡುವ ಹಾಗೆ, ಆದರೆ ನಾಲ್ಕೈದು ನಿಮಿಷಕ್ಕೊಮ್ಮೆ ತಳದಿಂದ ತಿರುವಬೇಕು. ಹದಿನೈದು ನಿಮಿಷ ಹಿಡಿಯುತ್ತದೆ. ನೇರ ಉರಿಯ ಮೇಲೆ ಇಡಬೇಡಿ, ತಳ ಹಿಡಿದರೆ ಆ ವಾಸನೆ ಹೋಗುವುದಿಲ್ಲ.

ಯಾವುದರ ಜೊತೆ

ಗಟ್ಟಿಯಾಗಿರಬೇಕು, ಅದೊಂದೇ ನಿಯಮ. ತೆಳು ಆಲೂ ಚಿಪ್ಸ್ ಅರ್ಧಕ್ಕೆ ಮುರಿದು ಪಾತ್ರೆಯಲ್ಲೇ ಉಳಿಯುತ್ತದೆ. ದೋಣಿ ಆಕಾರದ ಜೋಳದ ಟಾರ್ಟಿಯಾ ಚಿಪ್ಸ್, ಪ್ರೆಟ್ಜೆಲ್, ಓರೆಯಾಗಿ ಕತ್ತರಿಸಿ ಕಾಯಿಸಿದ ಬಗೆಟ್ ಬ್ರೆಡ್ ಚೆನ್ನಾಗಿ ಹೊಂದುತ್ತವೆ. ತರಕಾರಿಯಲ್ಲಿ ಸೆಲರಿ, ದಪ್ಪ ಮೆಣಸಿನಕಾಯಿ ಪಟ್ಟಿ, ಕ್ಯಾರೆಟ್. ಇಷ್ಟು ಕೊಬ್ಬಿನ ನಡುವೆ ಹಸಿ ತರಕಾರಿ ಇಲ್ಲದಿದ್ದರೆ ನಾಲ್ಕನೇ ತುತ್ತಿಗೆ ಮುಖ ಕಟ್ಟುತ್ತದೆ. ನಮ್ಮ ತಿಂಡಿಗಳಲ್ಲಿ ನನ್ನ ಮತ ನಿಪ್ಪಟ್ಟಿಗೆ. ದಪ್ಪ ಇದೆ, ಮುರಿಯುವುದಿಲ್ಲ, ಅದರ ಖಾರ ಈ ಕೆನೆಗೆ ಚೆನ್ನಾಗಿ ಒಗ್ಗುತ್ತದೆ. ಬೇಕರಿಯ ಖಾರಾ ಬಿಸ್ಕತ್ತು ಮಾತ್ರ ಪುಡಿಯಾಗುತ್ತದೆ.

ದುಂಡನೆಯ ಸಾರ್‌ಡೋ ಬ್ರೆಡ್ಡಿನ ತಲೆ ಕತ್ತರಿಸಿ, ಒಳಗಿನ ಮೆತ್ತನೆ ಭಾಗ ತೆಗೆದು, ಆ ಬಟ್ಟಲಿನಲ್ಲೇ ಡಿಪ್ ತುಂಬಿ ಬೇಯಿಸುವುದೂ ಉಂಟು. ನೋಡಲು ಚೆಂದ. ಬ್ರೆಡ್ಡನ್ನು ಖಾಲಿಯಾಗಿ ಹತ್ತು ನಿಮಿಷ ಮೊದಲೇ ಕಾಯಿಸಿ, ಇಲ್ಲದಿದ್ದರೆ ತಳ ನೆನೆದು ಎತ್ತುವಾಗ ಕಿತ್ತುಬರುತ್ತದೆ.

ಬಡಿಸುವ ಮುಂಚೆ

ಪಾತ್ರೆಯ ಪಕ್ಕ ‘ಇದರಲ್ಲಿ ಹಂದಿ ಮಾಂಸ ಇದೆ’ ಎಂದು ದೊಡ್ಡದಾಗಿ ಬರೆದ ಚೀಟಿ ಇಡಿ. ಇದನ್ನು ದಯವಿಟ್ಟು ಬಿಡಬೇಡಿ. ನಮ್ಮವರು ಸೇರುವ ಕಡೆ ಸಸ್ಯಾಹಾರಿಗಳು ಇರುತ್ತಾರೆ, ಹಂದಿ ತಿನ್ನದವರು ಇರುತ್ತಾರೆ, ಮತ್ತು ಡಿಪ್ ನೋಡಲು ಬರೀ ಚೀಸಿನ ಹಾಗೇ ಇರುತ್ತದೆ. ‘ಗೊತ್ತಿಲ್ಲದೆ ತಿಂದೆ’ ಎಂದು ಒಬ್ಬರಿಗೆ ಸಂಕಟವಾದರೂ ಆ ಸಂಜೆ ಕೆಡುತ್ತದೆ.

ಸಸ್ಯಾಹಾರಿಗಳಿಗೂ ಒಂದು ಪಾತ್ರೆ ಮಾಡುವುದಾದರೆ ಅದನ್ನೇ ಮೊದಲು ಮಾಡಿ ಮುಗಿಸಿ, ಬೇರೆ ಬಟ್ಟಲು, ಬೇರೆ ಸೌಟು. ಬೇಕನ್ ಬದಲು ಅಣಬೆಯನ್ನು ನೀರು ಪೂರ್ತಿ ಆರುವವರೆಗೆ ಕೆಂಪಗೆ ಹುರಿದು ಹಾಕಿ, ಪ್ಯಾಪ್ರಿಕಾ ಇನ್ನರ್ಧ ಚಮಚ ಹೆಚ್ಚಿಸಿ. ಮೊಟ್ಟೆ ತಿನ್ನದವರಿದ್ದರೆ ಮೊಟ್ಟೆ ಇಲ್ಲದ ಮೇಯನೇಸ್ ಬಳಸಿ. ಚೀಸ್ ಕೊಳ್ಳುವಾಗಲೂ ನೋಡಿ: ಹಾಲು ಒಡೆಸಲು ಬಳಸುವ ರೆನೆಟ್ ಎಂಬ ಕಿಣ್ವ ಕೆಲವು ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ಬಂದದ್ದು. ಪ್ಯಾಕೆಟಿನ ಮೇಲೆ ಮೈಕ್ರೋಬಿಯಲ್ ರೆನೆಟ್ ಅಥವಾ ವೆಜಿಟೇರಿಯನ್ ಎಂದಿದ್ದರೆ ಆಯಿತು. ಭಾರತದಲ್ಲಾದರೆ ಹಸಿರು ಗುರುತು ನೋಡಿ.

ಮುಂಚೆಯೇ ಮಾಡಿಡುವುದು, ಉಳಿದದ್ದನ್ನು ಇಡುವುದು

ಹಿಂದಿನ ದಿನವೇ ಕಲಸಿ, ಬೇಯಿಸದೆ ಫ್ರಿಜ್ಜಿನಲ್ಲಿಡಬಹುದು. ಒಂದು ದಿನ ಕೂತ ಡಿಪ್ಪಿಗೆ ರುಚಿ ಜಾಸ್ತಿ ಎಂದೇ ನನ್ನ ಅನುಭವ. ಮೇಲೆ ಉದುರಿಸುವ ಬೇಕನ್ ಬೇರೆ ಡಬ್ಬಿಯಲ್ಲಿ ಇರಲಿ. ಬೇಯಿಸುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ, ಓವನ್ನಿನಲ್ಲಿ ಎಂಟು ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಬೇರೆಯವರ ಮನೆಗೆ ಒಯ್ಯುವುದಾದರೆ ಹಸಿಯಾಗಿಯೇ, ತಣ್ಣಗೇ ಒಯ್ದು ಅಲ್ಲಿ ಬೇಯಿಸಿ. ಮನೆಯಲ್ಲಿ ಬೇಯಿಸಿ, ಕಾರಿನಲ್ಲಿ ಆರಿಸಿ, ಅಲ್ಲಿ ಮತ್ತೆ ಕಾಯಿಸಿದರೆ ಎರಡು ಸಲ ಬಿಸಿ ಉಂಡು ಎಣ್ಣೆ ಬಿಡುತ್ತದೆ.

ಟೇಬಲ್ ಮೇಲೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಇರಬಾರದು. ಅಮೆರಿಕದ ಕೃಷಿ ಇಲಾಖೆ ಹೇಳುವುದೂ ಇದನ್ನೇ: 4 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಆಟ ಮೂರೂವರೆ ಗಂಟೆ ಎಳೆಯುತ್ತದೆ, ಆದ್ದರಿಂದ ಇಡೀ ಡಿಪ್ಪನ್ನು ಒಮ್ಮೆಲೇ ಇಡದೆ ಎರಡು ಚಿಕ್ಕ ಪಾತ್ರೆಗಳಲ್ಲಿ ಮಾಡಿ, ಎರಡನೆಯದನ್ನು ಆಟದ ನಡುವಿನ ಬಿಡುವಿನಲ್ಲಿ ಓವನ್ನಿಗೆ ಇಡಿ. ಸ್ಲೋ ಕುಕ್ಕರ್ ಇದ್ದರೆ ಬಿಸಿ ಮಾಡಿದ ಡಿಪ್ಪನ್ನು ಅದಕ್ಕೆ ಸುರಿದು ‘ವಾರ್ಮ್’ ಗುರುತಿನಲ್ಲಿ ಇಟ್ಟು ಆಗಾಗ ತಿರುವಿ. ‘ಹೈ’ ಬೇಡ, ಯಾಕೆ ಎಂದು ಈಗ ನಿಮಗೇ ಗೊತ್ತು.

ಉಳಿದದ್ದು ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಫ್ರೀಜ್ ಮಾಡಬೇಡಿ, ಕರಗಿಸಿದಾಗ ಕ್ರೀಮ್ ಚೀಸ್ ನೀರು ಬಿಟ್ಟು ರವೆ ರವೆಯಾಗುತ್ತದೆ. ಮತ್ತೆ ಬಿಸಿ ಮಾಡುವಾಗ ಬೇಕಾದಷ್ಟನ್ನೇ ತೆಗೆದು, ಮೈಕ್ರೋವೇವಿನಲ್ಲಿ ಅರ್ಧ ಪವರ್, ಮೂವತ್ತು ಸೆಕೆಂಡಿಗೊಮ್ಮೆ ತಿರುವುತ್ತ, ಒಂದು ಚಮಚ ಹಾಲು ಸೇರಿಸಿ, ನಡುವಿನವರೆಗೂ ಹಬೆಯಾಡುವಷ್ಟು ಬಿಸಿ ಮಾಡಿ. ಬೆಂದ ಆಲೂಗಡ್ಡೆಯನ್ನು ಸೀಳಿ ಅದರ ಮೇಲೆ ಹಾಕಿಕೊಳ್ಳಿ. ಅಥವಾ ತಣ್ಣಗಿರುವುದನ್ನೇ ಬ್ರೆಡ್ಡಿಗೆ ಹಚ್ಚಿ, ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಟೋಸ್ಟ್ ಮಾಡಿ, ಸೋಮವಾರ ಬೆಳಗಿನ ತಿಂಡಿ ಆಯಿತು.